ಆಡುಸೋಗೆಯ ಎರಡು ಚೀಲಗಳು

ಮೆಹಬೂಬ, ನೀನು ತಂದಿಟ್ಟ ಆಡುಸೋಗೆಯ ಎರಡು ಚೀಲಗಳ ಚೀಟಿಗಳನ್ನು ಅದಲುಬದಲು ಮಾಡಿದವನು ನಾನು. ನನ್ನ ದಿನಚರಿಯನ್ನೂ ಪ್ರಯೋಗಾಲಯದ ದಾಖಲೆ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದೇನೆ, ದಿನಾಂಕ ಒಂದೇ. ನೆನಪು ತಪ್ಪಿರಬಹುದು ಎನ್ನುವ ದಾರಿಯೂ ಮುಚ್ಚಿದೆ.

ಬಾದಾಮಿಯ ಗುಡ್ಡದ ಕೆಳಗೆ ಕುರಿ ಮೇಯಿಸುತ್ತಿದ್ದ ಬೀರವ್ವನ ಬಳಿಗೆ ನಾನು ಏಳು ವರ್ಷ ನಡೆದಿದ್ದೆ. ಕೆಮ್ಮು-ದಮ್ಮಿಗೆ ಆಕೆ ಕೊಡುತ್ತಿದ್ದ ಈ ಆಡುಸೋಗೆ ಸೊಪ್ಪಿನ ಹೆಸರು, ಕುಲ, ಗುಣ ಎಲ್ಲವನ್ನೂ ಬರೆದುಕೊಂಡವನು ನಾನು. ಆದರೆ ಅದನ್ನು ಒಣಗಿಸುವ ಬಗೆಯನ್ನು ಆಕೆ ಹೇಳಿದ್ದು ನಮ್ಮ ಸಂಶೋಧನಾ ಸಂಸ್ಥೆಗೆ ಆಗಷ್ಟೇ ಸೇರಿದ್ದ ನಿನಗೆ — ನಿನ್ನ ಮೂರನೆಯ ಭೇಟಿಯಲ್ಲಿ, ನನ್ನೆದುರಿಗೇ.

"ಬಿಸಲಿಗೆ ಹಾಕಬ್ಯಾಡೋ ಯಪ್ಪಾ, ಕಂಬಳಿ ನೆಳ್ಳಾಗ ಒಣಗಸು. ಇಲ್ಲಾಂದ್ರ ಅದರ ಕಸುವು ಹೋಗತೈತಿ."

ನನಗೇಕೆ ಇದನ್ನು ಹೇಳಲಿಲ್ಲವೆಂದು ಕೇಳಿದೆ. ಆಕೆ ನಕ್ಕಳು.

"ನೀವು ಬರಕೊಳ್ಳಾಕ ಬರ್ತೀರಿ ಸಾಹೇಬ್ರ. ಇಂವ ನನ್ನ ಕುರಿ ತಿರುವಿಕೋತ ಕೇಳತಾನ."

ನೀನೂ ನಕ್ಕೆ. ನಾನೂ ನಕ್ಕೆ, ಆದರೆ ಒಳಗೊಳಗೇ ಕರುಬಿದೆ.

ಆಕೆಯ ಮಾತು ಸರಿಯೆಂದು ನನಗೆ ಕೂಡಲೇ ತಿಳಿದಿತ್ತು. ಆ ಎಲೆಯ ಸತ್ವವಾದ ವ್ಯಾಸಿಸಿನ್ ಬಿಸಿಲು-ಗಾಳಿಗೆ ಸಿಕ್ಕರೆ ಆಮ್ಲಜನಕದೊಡನೆ ಕೂಡಿ ವ್ಯಾಸಿಸಿನೋನ್ ಆಗಿ ಮಾರ್ಪಡುತ್ತದೆ. ನೆರಳಲ್ಲಿ ಒಣಗಿದ್ದೊಂದು, ಬಿಸಿಲಲ್ಲಿ ಒಣಗಿದ್ದೊಂದು — ಆಕೆಯ ಮಾತನ್ನು ಪರೀಕ್ಷಿಸಲು ಚೀಲಗಳನ್ನು ಪ್ರಯೋಗಾಲಯದಲ್ಲಿಟ್ಟು ನೀನು ಊಟಕ್ಕೆ ಹೋದೆ. ಫಲಿತಾಂಶ ನಿನ್ನ ಹೆಸರಿಗೆ ಬರುವುದೆಂದು ನಾನು ಬಲ್ಲವನಾಗಿದ್ದೆ. ಆದ್ದರಿಂದಲೇ —

ಪರೀಕ್ಷೆಯ ವರದಿ ತಿರುವುಮುರುವಾಗಿ, ಬಿಸಿಲಲ್ಲಿ ಒಣಗಿದ್ದಕ್ಕೇ ಕಸುವು ಹೆಚ್ಚೆಂದು ಬಂತು. ಸಭೆಯಲ್ಲಿ ಹಿರಿಯರು ನಿನ್ನನ್ನು ನೋಡಿ ನಕ್ಕರು. ಆಗ ನಾನು ಎದ್ದುನಿಂತು, "ಹೊಸಬ ಅದಾನ, ಬಿಡ್ರಿ" ಎಂದೆ. ನೀನು ಸಂಶೋಧನೆಯನ್ನೇ ಬಿಟ್ಟು ಕೆರೂರಿನಲ್ಲಿ ಔಷಧಿ ಅಂಗಡಿ ಇಟ್ಟೆ. ಹೊರಡುವ ಮುನ್ನ ಬೀರವ್ವನಿಗೆ, ಆಕೆಯ ಮಾತು ಪರೀಕ್ಷೆಯಲ್ಲಿ ನಿಲ್ಲಲಿಲ್ಲವೆಂದು ನೀನೇ ಹೇಳಬೇಕಾಯಿತು. ಆಕೆ ಸಾಯುವ ತನಕ ಮತ್ತಾರಿಗೂ ಸೊಪ್ಪು ಕೊಡಲಿಲ್ಲ.

ಪಶ್ಚಾತ್ತಾಪ ನನ್ನನ್ನು ಶುದ್ಧಗೊಳಿಸಿತೆಂದು ಬರೆದರೆ ಅದೂ ಸುಳ್ಳಾದೀತು. ಹೋದ ತಿಂಗಳು ಕೆರೂರಿನ ಬಸ್ ನಿಲ್ದಾಣದಲ್ಲಿ ಒಬ್ಬಾಕೆ ಇನ್ನೊಬ್ಬಳಿಗೆ, "ದವಾಖಾನಿಗೆ ಯಾಕ ಹೊಕ್ಕಿ, ಮೊದಲ ಮೆಹಬೂಬಣ್ಣನ್ನ ಕೇಳು" ಎಂದಳು. ಈ ವಯಸ್ಸಿನಲ್ಲೂ ನನ್ನ ಹೊಟ್ಟೆ ಉರಿಯಿತು.

ಈ ಪತ್ರದ ಪ್ರತಿಯನ್ನು, ಆ ದಿನದ ಪುಟಗಳೊಡನೆ, ಸಂಸ್ಥೆಗೂ ಕಳಿಸಿದ್ದೇನೆ. ಅಂದು ಸಭೆಯಲ್ಲಿ ನಿನ್ನ ಪರ ಮಾತಾಡಿದವನು ನಾನೊಬ್ಬನೇ ಎಂದು ನೀನು ಪ್ರತಿ ರಂಜಾನ್ ಹಬ್ಬಕ್ಕೆ ನಮ್ಮ ಮನೆಗೆ ಸುರಕುಂಬಾ ಪಾಯಸ ಕಳಿಸುತ್ತ ಬಂದಿದ್ದೀ. ಇಷ್ಟೂ ವರ್ಷ ಅದನ್ನು ತಿಂದಿದ್ದೇನೆ.

ಈ ಸಲ ಕಳಿಸಬೇಡ.