ಬೆವರದ ಮಗ

ನಾನು ಪುಣೆಯಲ್ಲಿ ಗೌಂಡಿ ಕೆಲಸಕ್ಕಿದ್ದ ತೊಂಬತ್ತರ ದಶಕದ ಮಾತು. ಖಡಕಿ ಕಡೆ ಏಳುತ್ತಿದ್ದ ಒಂದು ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ನಮ್ಮ ಸಂಸಾರ: ನಾನು, ಹೆಂಡತಿ, ನಮ್ಮವ್ವ, ನಾಲ್ಕು ವರ್ಷದ ಮಗ. ಮಗನಿಗೆ ಇದ್ದದ್ದು ಎರಡೇ ಹಲ್ಲು, ಎರಡೂ ಮೊಳೆಯಂತೆ ಚೂಪು. ಬೇಸಿಗೆಯ ಮಧ್ಯಾಹ್ನ ಅವನ ಮೈ ಕಾದ ಹಂಚಾಗುತ್ತಿತ್ತು, ಸಂಜೆ ತಾನಾಗಿ ಆರುತ್ತಿತ್ತು. ಬೆವರಿದರೆ ಜ್ವರ ಇಳಿಯುತ್ತದೆಂದು ಅವ್ವ ಕೌದಿ ಹೊದಿಸುತ್ತಿದ್ದಳು. ಅವನು ಬೆವರುತ್ತಲೇ ಇರಲಿಲ್ಲ.

"ನಾವು ಬೆವರ ಸುರಿಸಿ ಸಾಯ್ತೀವಿ, ನಿನ್ ಮಗಗ ಒಂದ್ ಹನಿ ಇಲ್ಲ. ಸಾಹೇಬ ಆಗ್ತಾನ ಬಿಡವಾ," ಎಂದು ಪಕ್ಕದ ಶೆಡ್ಡಿನಾಕೆ ಚೇಷ್ಟೆ ಮಾಡುತ್ತಿದ್ದಳು. ನನ್ನ ಹೆಂಡತಿಯೂ ನಗುತ್ತಿದ್ದಳು.

ಒಮ್ಮೆ ಫಿಟ್ಸ್ ಬಂತು. ಸರಕಾರಿ ದವಾಖಾನೆಗೆ ಒಯ್ದೆವು. ಡಾಕ್ಟರು ಅವನ ಹಲ್ಲು ನೋಡಿದರು, ಅಂಗೈ ಸವರಿದರು, ಡಾಕ್ಟರಿಕೆ ಓದುವ ಹುಡುಗರನ್ನೆಲ್ಲ ಕರೆದು ತೋರಿಸಿದರು. ಆಮೇಲೆ ನಮಗೆ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಹುಟ್ಟಿನಿಂದಲೇ ಇವನ ಚರ್ಮದಲ್ಲಿ ಬೆವರಿನ ಗ್ರಂಥಿಗಳಿಲ್ಲ, ಒಳಗಿನ ಕಾವು ಹೊರಗೆ ಹೋಗುವುದಿಲ್ಲ, ಹಲ್ಲು ಬಾರದ್ದೂ ಅದೇ ರೋಗದಿಂದ. ಬಹಳ ಅಪರೂಪದ್ದು. ಔಷಧವಿಲ್ಲ. ಮೈ ಒದ್ದೆಯಾಗಿಡಿ, ನೆರಳಲ್ಲಿಡಿ, ಬದುಕುತ್ತಾನೆ.

ಹೊಸದಾಗಿ ಎರಕ ಹಾಕಿದ ಪಿಲ್ಲರಿಗೆ ಗೋಣಿತಟ್ಟು ಸುತ್ತಿ ಕೆಲವು ದಿನ ನೀರು ಹಾಕುತ್ತೇವೆ. ಕೆಳಗಿನ ಅಂತಸ್ತಿನ ನೆರಳಲ್ಲಿ ಅಂಥದೊಂದು ಪಿಲ್ಲರಿಗೆ ಹೆಂಡತಿ ಅವನನ್ನು ಒರಗಿಸಿದಳು. ಅವನು ಅದನ್ನು ತಬ್ಬಿ, ಕೆನ್ನೆ ಒತ್ತಿ, ನಿಂತಲ್ಲೇ ನಿದ್ದೆ ಮಾಡಿದ. ಆ ಪಿಲ್ಲರು ಗಟ್ಟಿಯಾದ ಮೇಲೂ ನಾನು ದಿನಾ ನೀರು ಹಾಕಿದೆ.

ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ ನಮ್ಮ ಊರ ಕಡೆಯವನೇ. "ಲೇ, ಅದೇನ್ ಗಿಡ ಏನಲೇ? ಎಷ್ಟ್ ನೀರ ಹಾಕಿದ್ರೂ ಇನ್ನ ಬೆಳಿಯಂಗಿಲ್ಲದು!" ಅಂದ. ಪಿಲ್ಲರಿನ ಹಿಂದೆ ತಬ್ಬಿ ನಿಂತ ಮಗನನ್ನು ಕಂಡು ಹೊರಟುಹೋದ. ತಟ್ಟು ಬಿಚ್ಚಿಸಲಿಲ್ಲ. ಆ ಬೇಸಿಗೆ ಹಾಗೆ ದಾಟಿತು.

ಮರುವರ್ಷ ಕೆಲಸ ಶಿರೂರು ರಸ್ತೆಗೆ ಹೋಯಿತು. ಅಲ್ಲಿ ಬಯಲು, ಪಾಯದ ಗುಂಡಿಗಳು, ಒಂದು ಪಿಲ್ಲರೂ ಎದ್ದಿರಲಿಲ್ಲ. ಟ್ಯಾಂಕರ್ ತಂದದ್ದೇ ನೀರು. ಹೆಂಡತಿ ಕೆಲಸ ಬಿಟ್ಟು ಅವನ ಬನಿಯನ್ ತೋಯಿಸುತ್ತ ಕೂತಳು. ಒಂದು ದಿನ ಟ್ಯಾಂಕರ್ ಹೊತ್ತಿಗೆ ಬರಲಿಲ್ಲ. ಕುಡಿಯುವ ನೀರೂ ಅವನ ಮೈಗೇ ಮುಗಿಯಿತು. ಅವನನ್ನು ಎತ್ತಿಕೊಂಡು ರಸ್ತೆಗೆ ಓಡಿದೆವು, ಒಬ್ಬ ಟೆಂಪೊದವನು ಹತ್ತಿಸಿಕೊಂಡ. ದವಾಖಾನೆ ಮುಟ್ಟುವ ಮೊದಲೇ ಮಗನ ಜೀವ ಹೋಯಿತು.

ಸಂಜೆ ಅವನನ್ನು ಹೊತ್ತು ತಂದಾಗ ಟ್ಯಾಂಕರ್ ಬಂದು ನಿಂತಿತ್ತು. ದಿನವೂ ಪಾಳಿಗಾಗಿ ಬಡಿದಾಡುವ ಹೆಂಗಸರಲ್ಲಿ ಒಬ್ಬಳೂ ಕೊಡ ಒಡ್ಡಿರಲಿಲ್ಲ.

"ಮೊದಲ ನೀವ ತುಂಬ್ರಿ ಅಣ್ಣಾ," ಅಂದರು.

ಹೆಂಡತಿ ಮಗನ ಮೈಮೇಲೆ ನೀರು ಸುರಿಯುತ್ತಲೇ ಇದ್ದಳು.

"ಸಾಕ ಬಿಡ," ಅಂದೆ.

"ಎಲ್ಲಿ ಸಾಕ್ರಿ? ಮುಟ್ಟಿ ನೋಡ್ರಿ, ಇನ್ನಾ ಬಿಸಿ ಅದಾನ."

ಮುಟ್ಟಿದೆ. ಬಿಸಿಯಿದ್ದ. ಮತ್ತೊಂದು ಕೊಡ ತರಲು ಹೋದೆ.