ಹಿಂದಕ್ಕೆ ಬಾರದ ಚೆಂಡು

ಎಪ್ಪತ್ತರ ದಶಕದ ಕೊನೆಯಲ್ಲಿ, ಕೊಲ್ಲಿ ನಾಡಿನ ತೈಲನಗರಿ ಅಹ್ಮದಿಯ ಮರಳು ಮೈದಾನದಲ್ಲಿ ನಾವು ಕೆಲವು ಭಾರತೀಯರು ರಗ್ಬಿ ಆಡುತ್ತಿದ್ದೆವು. ನಮ್ಮ ಕ್ಯಾಪ್ಟನ್ ಕೊಡಗಿನವರು, ಸೈನ್ಯದಲ್ಲಿದ್ದು ಬಂದವರು. ರಗ್ಬಿಯಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಹಿಂದೆ ಬರುತ್ತಿರುವವನಿಗೇ ಕೊಡಬೇಕು. ಅಭ್ಯಾಸದಲ್ಲಿ ಯಾರಾದರೂ ಒಬ್ಬನೇ ನುಗ್ಗಿದರೆ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತು, "ಹಿಂದೆ ನಿನ್ನವನಿದ್ದಾನೆ ಮಾರಾಯ, ಕೊಡು," ಎನ್ನುತ್ತಿದ್ದರು. ಎಂದೂ ಬೈದದ್ದಿಲ್ಲ. ಹಾಗೆ ಕೊಡುತ್ತಾ ಕೊಡುತ್ತಾ ಫೈನಲ್‌ಗೆ ಬಂದೆವು.

ಎದುರಿಗೆ ಬ್ರಿಟಿಷ್ ಎಂಜಿನಿಯರುಗಳ ತಂಡ. ಅಂದು ಬೆಳಿಗ್ಗೆಯಿಂದಲೇ ಕ್ಯಾಪ್ಟನ್ ಯಾರೊಡನೆಯೂ ಮಾತಾಡಿರಲಿಲ್ಲ. ಆಟ ಮುಗಿಯುತ್ತಾ ಬಂದು, ನಾವು ಅಂಕದಲ್ಲಿ ಸ್ವಲ್ಪವೇ ಹಿಂದಿದ್ದಾಗ, ಚೆಂಡು ಕ್ಯಾಪ್ಟನ್‌ಗೆ ಸಿಕ್ಕಿತು. ಅವರ ಹಿಂದೆಯೇ ಓಡುತ್ತಿದ್ದ ನನ್ನನ್ನು ತಡೆಯಲು ಯಾರೂ ಇರಲಿಲ್ಲ. "ಸರ್, ಕೊಡಿ!" ಎಂದು ಕೂಗಿದೆ. ಅವರು ಕೊಡದೆ ಒಬ್ಬರೇ ನುಗ್ಗಿದರು; ದಾಟಿದರೆ ಅಂಕ ಸಿಗುವ ಗೆರೆಯ ಹತ್ತಿರ ಎದುರಾಳಿಗಳು ಮೂವರು ಸೇರಿ ಕೆಡವಿದರು. ಸೋತೆವು.

ವಾಪಸಾಗುವಾಗ ಬಸ್ಸಿನಲ್ಲಿ ಕ್ಯಾಪ್ಟನ್ ನನ್ನ ಪಕ್ಕ ಬಂದು ಕುಳಿತರು.

"ನಿನ್ನ ಕೂಗು ಕೇಳಿತ್ತು," ಎಂದರು. "ಆಗ ನಿನ್ನ ಮೇಲೆ ನಂಬಿಕೆ ಬರಲಿಲ್ಲ ಮಾರಾಯ."

"ಇರಲಿ ಬಿಡಿ ಸರ್," ಎಂದೆ.

ಆಮೇಲೆ ಅವರು ಆಡಲು ಬರಲಿಲ್ಲ. ಮುಂದಿನ ಚಳಿಗಾಲದಲ್ಲಿ ಆಟಕ್ಕೆ ಕರೆಯಲೆಂದು ಅವರ ಮನೆಗೆ ಹೋದೆ. ಕಾಫಿ ಕೊಟ್ಟರು, ಊರಿನ ವಿಷಯ ಮಾತಾಡಿದರು, ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಆಟದ ಮಾತೆತ್ತಲು ಇಬ್ಬರಿಗೂ ಆಗಲಿಲ್ಲ.