ಇಬ್ಬರು ತೂಗಿದ ಮಾತು

ಮೊದಲ ಏಟು ಬಿದ್ದದ್ದು ರೇಡಿಯೋಗೆ.

ವಾರ್ತೆ ಬರುತ್ತಿತ್ತು. ನಮ್ಮ ಮನೆಯವರು ಒಳಗಿನಿಂದ ಒರಳಿನ ಗುಂಡು ಎತ್ತಿಕೊಂಡು ಬಂದು ರೇಡಿಯೋದ ಮೇಲೆ ಹಾಕಿದರು. ಮತ್ತೆ ಎತ್ತಿದರು, ಮತ್ತೆ ಹಾಕಿದರು. ಗಾಜು, ವೈರು, ಮರದ ಚೂರು ಹಾಲ್ ತುಂಬ ಹರಡಿತು. ಕರ್ತನಾದ ದೇವರು ಮಾತಾಡುವಾಗ ಅದು ಅಡ್ಡಬಾಯಿ ಹಾಕುತ್ತಿದೆ ಎಂದರು. ಅದು ನನ್ನ ತವರಿನವರು ಕೊಟ್ಟ ರೇಡಿಯೋ. ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಅದು ಕಾಯಿಲೆ ಎಂದು ಗೊತ್ತಾಗುವಷ್ಟರಲ್ಲಿ ಮನೆಯಲ್ಲಿ ಒಡೆಯಲು ಹೆಚ್ಚೇನೂ ಉಳಿದಿರಲಿಲ್ಲ.

ಇವರ ಹೆಸರು ಜಯಪಾಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್. ನಮಗೆ ಒಬ್ಬಳೇ ಮಗಳು ಶೀಲಾ, ಮೂರನೇ ಕ್ಲಾಸು. ಭಾನುವಾರ ಚರ್ಚ್ ಮುಗಿದ ಮೇಲೆ ಹೊಸಹಳ್ಳಿಯ ರತ್ನಪ್ಪನವರ ಮನೆಯಲ್ಲಿ ಒಂದು ಸಣ್ಣ ಪ್ರಾರ್ಥನಾ ಸಭೆ ಸೇರುತ್ತಿತ್ತು. ರತ್ನಪ್ಪನವರು ರಿಟೈರ್ಡ್ ಹೆಡ್‌ಮಾಸ್ಟರು, ಸಭೆಗೆ ಹಿರಿಯರು. ಪ್ರವಾದನೆಯ ವರ ಇದ್ದವರು ಅಲ್ಲಿ ಎದ್ದುನಿಂತು, ದೇವರು ತಮ್ಮೊಳಗೆ ನುಡಿದದ್ದನ್ನು ಹೇಳುತ್ತಿದ್ದರು. ಇವರಿಗೆ ಆ ವರ ಇತ್ತು. ಯಾರಿಗೂ ಹೇಳದ ದುಃಖ ಹೊತ್ತು ಬಂದವರ ಎದುರು ನಿಂತು ಮೆಲ್ಲಗೆ ಎರಡು ಮಾತು ಹೇಳಿದರೆ, ಅವರು ಬಿಕ್ಕಿಬಿಕ್ಕಿ ಅತ್ತು ಹಗುರಾಗಿ ಮನೆಗೆ ಹೋಗುತ್ತಿದ್ದರು. ಇದನ್ನು ಕಣ್ಣಾರೆ ಕಂಡಿದ್ದೇನೆ. ಅದೇ ಮನುಷ್ಯನಿಗೆ ಸೀಮೆಎಣ್ಣೆ ತರುವುದು ಮಾತ್ರ ನೆನಪಿರುತ್ತಿರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ರೇಗಿಸುತ್ತಿದ್ದೆ.

ಸಭೆಯಲ್ಲಿ ಒಂದು ಕಟ್ಟುಪಾಡು ಇತ್ತು. ಪ್ರವಾದನೆ ಹೇಳಿದವನು ಕೂಡಲೇ ಅದರಂತೆ ನಡೆಯುವ ಹಾಗಿಲ್ಲ. ಹೇಳಿ, ನಿಂತು, ಕಾಯಬೇಕು. ಇಬ್ಬರಾದರೂ ಅದನ್ನು ತೂಗಿ ನೋಡಿ, ಇದು ಕರ್ತನದು, ಅಥವಾ ಅಲ್ಲ, ಎನ್ನಬೇಕು. ಮನಸ್ಸಿನ ಕಸವನ್ನೂ ದೇವರ ಮಾತೆಂದು ಹೇಳಿಬಿಡುತ್ತೇವೆ ಎಂಬ ಎಚ್ಚರ ರತ್ನಪ್ಪನವರಿಗೆ ಇತ್ತು. ಹೆಂಗಸರು ಪ್ರವಾದನೆ ಹೇಳಬಹುದಿತ್ತು, ತೂಗುವಂತಿರಲಿಲ್ಲ. ಗಂಡಸರು ತೂಗುವಾಗ ನಾವು ಕಾಫಿ ಕಾಯಿಸುತ್ತಿದ್ದೆವು.

ರೇಡಿಯೋ ಹೋದ ಮೇಲೆ ನಿದ್ರೆ ಹೋಯಿತು. ಆಮೇಲೆ ಊಟ. ಪ್ರಾರ್ಥನೆಯಲ್ಲಿ ಯಾವಾಗಲೋ ಒಮ್ಮೆ ಕೇಳುತ್ತಿದ್ದ ಧ್ವನಿ ಈಗ ಲೇತ್ ಮುಂದೆ, ಬಸ್ಸಿನಲ್ಲಿ, ಬಚ್ಚಲಲ್ಲಿ ಕೇಳತೊಡಗಿತು. ಸಮಾಧಾನ ಹೇಳುವುದನ್ನು ಬಿಟ್ಟು ಬೈಯತೊಡಗಿತು. ಉಣ್ಣಬೇಡ. ಮಲಗಬೇಡ. ಒಂದು ದಿನ ಇವರು ಫೋರ್‌ಮನ್ ತಲೆಗೆ ಸ್ಪ್ಯಾನರ್‌ನಿಂದ ಹೊಡೆದರು. ಕಿವಿಯ ಮೇಲಿನ ಚರ್ಮ ಕಿತ್ತುಬಂದಿತ್ತಂತೆ. ಹಳೆಯ ಕೆಲಸಗಾರ ಎಂಬ ದಯೆಯಿಂದ ಪೊಲೀಸಿಗೆ ಕೊಡದೆ ಮನೆಗೆ ಕಳಿಸಿದರು.

ಅದೇ ವಾರ ನನಗೂ ಬಿತ್ತು. ಅನ್ನದ ತಟ್ಟೆ ಮುಂದಿಟ್ಟಿದ್ದಕ್ಕೆ ಕೂದಲು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದರು. ಮುಂದಿನ ಹಲ್ಲು ಮುರಿಯಿತು. ಮದುವೆಯಾದಂದಿನಿಂದ ನನ್ನ ಮೇಲೆ ದನಿಯನ್ನೂ ಎತ್ತದ ಮನುಷ್ಯ.

ಸಭೆಯವರಿಗೆ ಹೇಳಿದೆ. ರತ್ನಪ್ಪನವರು ಮಗಳ ಮನೆಗೆಂದು ಮೈಸೂರಿಗೆ ಹೋಗಿದ್ದರು. ಉಳಿದ ಗಂಡಸರು ದೆವ್ವ ಬಿಡಿಸುತ್ತೇವೆ ಎಂದು ಬಂದರು. ಮೊದಲು ಹಾಡಿದರು. ಆಮೇಲೆ ಕೂಗಿದರು. ಇವರು ಒಬ್ಬನ ಕೈ ಕಚ್ಚಿದರು, ಮಾಂಸ ಬರುವ ಹಾಗೆ. ಅಲ್ಲಿಗೆ ಪ್ರಾರ್ಥನೆ ನಿಂತು ಹೊಡೆತ ಶುರುವಾಯಿತು. ಎದೆಯ ಮೇಲೆ ಕೂತರು, ಬೆಲ್ಟ್ ಬಿಚ್ಚಿದರು. ಏಟಿಗೊಂದು ಸಲ ದೇವರ ಹೆಸರು. ನೋಯುವುದು ದೆವ್ವಕ್ಕೆ, ಅವನಿಗಲ್ಲ ಎಂದು ನನಗೆ ಸಮಾಧಾನ ಬೇರೆ. ಪಕ್ಕೆಲುಬು ಮುರಿದ ಸದ್ದು ನಾನು ನಿಂತಲ್ಲಿಗೇ ಕೇಳಿಸಿತು. ದೆವ್ವಕ್ಕೆ ಪಕ್ಕೆಲುಬು ಇರುತ್ತದೆಯೇ? ಅವರನ್ನು ಕರೆದವಳು ನಾನೇ ಎಂಬ ಉರಿ ಇನ್ನೂ ಆರಿಲ್ಲ.

ಬಿಡಿಸಿದ್ದು ಪಕ್ಕದ ಮನೆಯ ಗಂಗಮ್ಮನವರು. ದಾವಣಗೆರೆ ಕಡೆಯ ಲಿಂಗಾಯತರು, ಯಜಮಾನರು ತಾಲ್ಲೂಕು ಆಫೀಸಿನಲ್ಲಿದ್ದರು. ಈಕೆ ಒನಕೆ ಹಿಡಿದು ಒಳಗೆ ಬಂದು ಬೆಲ್ಟಿನವನ ಬೆನ್ನಿಗೆ ಒಂದು ಬಿಟ್ಟರು.

“ನಿಮ್ಮ ದೇವ್ರು ಮನಷ್ಯಾನ್ನ ಹಿಂಗ ಬಡೀರಿ ಅಂತ ಹೇಳ್ಯಾನೇನು?” ಎಂದು ಕೇಳಿದರು.

ಬೆಲ್ಟಿನವನು ಎದೆಯ ಮೇಲಿಂದ ಎದ್ದ. ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಹೊರಟರು.

ಪಕ್ಕೆಗೆ ಪಟ್ಟಿ ಕಟ್ಟಿಸಿಕೊಂಡು ಇವರು ಕೆಲವು ದಿನ ಸುಮ್ಮನೆ ಮಲಗಿದ್ದರು. ಇಳಿಯಿತು ಅಂದುಕೊಂಡೆ. ಒಂದು ಬೆಳಿಗ್ಗೆ, ಸ್ಕೂಲಿನ ಹೊತ್ತು, ಶೀಲಾಗೆ ಜಡೆ ಹಾಕುತ್ತಿದ್ದೆ. ಅಡುಗೆಮನೆಯಿಂದ ತೆಂಗಿನಕಾಯಿ ಸುಲಿಯುವ ಮಚ್ಚು ಹಿಡಿದು ಬಂದರು. ನನ್ನನ್ನು ಒದ್ದು ಕೆಡವಿ, ಜಡೆ ಹಿಡಿದು ಮಗುವಿನ ತಲೆಯನ್ನು ಹಿಂದಕ್ಕೆಳೆದರು. ಮಚ್ಚು ಅವಳ ಕತ್ತಿನ ಹತ್ತಿರ ಬಂತು.

ಅಲ್ಲೇ ನಿಂತರು.

“ಮಗಳನ್ನ ನನಗೆ ಕೊಡು ಅಂತ ಕರ್ತನು ಹೇಳ್ತಿದಾನೆ,” ಎಂದರು. ಸಭೆಯಲ್ಲಿ ಹೇಳುವ ಅದೇ ಮೆಲುದನಿ.

ದೇವರು ಕೇಳಿದನೆಂದು ಮಗನನ್ನು ಬಲಿಕೊಡಲು ಬೆಟ್ಟಕ್ಕೆ ಕರೆದೊಯ್ದ ತಂದೆಯ ಬೈಬಲ್ ಕಥೆಯನ್ನು ಸಂಡೇಸ್ಕೂಲಿನಲ್ಲಿ ಎಷ್ಟೋ ಸಲ ಹೇಳಿದವಳು ನಾನು. ಕೊನೆಗೆ ದೇವದೂತ ಕೂಗಿ ತಡೆದ ಎನ್ನುವಾಗ ಮಕ್ಕಳೆಲ್ಲ ಉಸಿರು ಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಯಾವ ದೂತನೂ ಕೂಗಲಿಲ್ಲ. ಇವರು ನನ್ನನ್ನೇ ನೋಡುತ್ತಿದ್ದರು. ಯಾಕೆ ನಿಂತಿದ್ದಾರೆಂದು ಆಗ ಹೊಳೆಯಿತು. ಹೇಳಿ ಆಗಿತ್ತು; ತೂಗುವವರಿಗಾಗಿ ಕಾಯುತ್ತಿದ್ದರು. ಬುದ್ಧಿ ಕೆಟ್ಟಿತ್ತು, ರೂಢಿ ಕೆಟ್ಟಿರಲಿಲ್ಲ. ಅಲ್ಲಿ ತೂಗಲು ಇದ್ದವಳು ನಾನೊಬ್ಬಳೇ.

“ಇದು ಕರ್ತನದಲ್ಲ,” ಎಂದೆ.

ಕಿರುಚಲಿಲ್ಲ. ಕಿರುಚಿದ್ದರೆ ಅದು ಹೆಂಡತಿಯ ಮಾತಾಗುತ್ತಿತ್ತು. ಸಭೆಯ ಗಂಡಸರ ಹಾಗೆ ನಿಧಾನವಾಗಿ ಹೇಳಿದೆ.

“ಇಬ್ಬರು ಬೇಕು,” ಎಂದರು.

“ನೀವೂ ತೂಗಿ ನೋಡಿ. ನಿಮಗೇನನ್ಸುತ್ತೆ?” ಎಂದು ಕೇಳಿದೆ. ಹೇಳಿದವನೇ ತೂಗಬಹುದೇ ಎಂದು ರತ್ನಪ್ಪನವರನ್ನು ಯಾರೂ ಎಂದೂ ಕೇಳಿರಲಿಲ್ಲ. ಇವರು ಹಲ್ಲು ಕಡಿಯುತ್ತಿದ್ದರು. ಕತ್ತಿನ ನರ ಉಬ್ಬಿತ್ತು. ಮಚ್ಚು ನಡುಗಿ ಮಗುವಿನ ಕತ್ತಿಗೆ ಸವರಿ, ಒಂದು ಕೆಂಪು ಗೆರೆ ಮೂಡಿತು.

“ನಂಗೂ ಅಲ್ಲ ಅನ್ಸುತ್ತೆ ಸುಗುಣ,” ಎಂದರು. “ಇಬ್ಬರಾದ್ವಿ. ಮಗೂನ ಕರ್ಕೊಂಡ್ ಹೋಗು. ಕಿವೀಲಿ ಅವನಿನ್ನೂ ಕೂಗ್ತಾನೇ ಇದಾನೆ.”

ಜಡೆ ಬಿಟ್ಟರು.

ಶೀಲಾಳನ್ನು ಬಾಗಿಲಾಚೆ ತಳ್ಳಿ ತಿರುಗುವಷ್ಟರಲ್ಲಿ ಇವರು ಮಚ್ಚನ್ನು ತಮ್ಮ ಎಡಗೈ ಮೇಲೆಯೇ ಹಾಕಿಕೊಂಡಿದ್ದರು. ಮತ್ತೆ ಎತ್ತಿದರು. ಗೋಡೆಗೆ, ಕ್ಯಾಲೆಂಡರಿಗೆ, ನನ್ನ ಮುಖಕ್ಕೆ ರಕ್ತ ಸಿಡಿಯಿತು. ನಾನು ಮೇಲೆ ಬಿದ್ದು ಮಚ್ಚಿನ ಕೈ ಹಿಡಿದೆ. ಮೊಣಕೈಯಿಂದ ನನ್ನ ಮುಖಕ್ಕೆ ಗುದ್ದಿದರು, ನಾನು ಬಿಡಲಿಲ್ಲ. ಗಂಗಮ್ಮನವರೂ ಅವರ ಯಜಮಾನರೂ ಓಡಿಬಂದರು. ಸೀರೆಯಲ್ಲಿ ಕೈಕಾಲು ಬಿಗಿದೆವು. ಎರಡು ಬೆರಳು ನೆಲದ ಮೇಲೇ ಉಳಿದವು.

ಮೊದಲು ಕೈಗೆ ಹೊಲಿಗೆ. ಆಮೇಲೆ ಊರಿನ ಆ ತುದಿಯ ಮಾನಸಿಕ ಆಸ್ಪತ್ರೆ. ಸ್ಕಿಜೋಫ್ರೀನಿಯಾ ಎಂದರು. ಇಂಜೆಕ್ಷನ್ ಕೊಟ್ಟರು, ಮಂಚಕ್ಕೆ ಕಟ್ಟಿದರು, ಶಾಕ್ ಟ್ರೀಟ್‌ಮೆಂಟ್ ಕೊಟ್ಟರು. ಬಾಗಿಲ ಸಂದಿಯಿಂದ ನೋಡಿದೆ. ನೋಡಬಾರದಿತ್ತು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ನಡೆದದ್ದನ್ನೆಲ್ಲ ಕೇಳಿ ಬರೆದುಕೊಂಡರು.

“ವಾಯ್ಸ್ ಆರ್ಡರ್ ಮಾಡಿದ್ಮೇಲೂ ನಿಮ್ಮ ಯಜಮಾನ್ರು ಕೈ ತಡೆದು ನಿಂತ್ರಲ್ಲಮ್ಮ. ಅದು ಎಲ್ಲರ ಕೈಲೂ ಆಗಲ್ಲ,” ಎಂದರು.

ನನಗೆ ಬೇಕಿದ್ದದ್ದು ಒಂದೇ ಉತ್ತರ. ಮಗಳಿರುವ ಮನೆಗೆ ಇವರನ್ನು ಕರೆದೊಯ್ಯಬಹುದೇ? ಮಾತ್ರೆ ತಪ್ಪಿಸದಿದ್ದರೆ ಕರೆದೊಯ್ಯಬಹುದು, ಆದರೆ ಗ್ಯಾರಂಟಿ ಕೊಡಲಾಗದು ಎಂದರು. ಸಭೆಯಲ್ಲಿ ಸಮಾಧಾನ ನುಡಿಸುತ್ತಿದ್ದ ಹಿಂದಿನ ಆ ಧ್ವನಿಯೂ ಕಾಯಿಲೆಯೇ ಎಂದು ಕೇಳಿದ್ದಕ್ಕೆ, ಅದು ತಮ್ಮ ಸಬ್ಜೆಕ್ಟ್ ಅಲ್ಲ ಎಂದರು. ನನಗೂ ಗೊತ್ತಿಲ್ಲ. ಹಗುರಾಗಿ ಮನೆಗೆ ಹೋದವರ ಅಳು ಸುಳ್ಳಲ್ಲ. ನನ್ನ ಮಗಳ ಕತ್ತಿನ ಗೆರೆಯೂ ಸುಳ್ಳಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಶಕ್ತಿ ನನಗಿಲ್ಲ, ಇದೆ ಎನ್ನುವವರನ್ನು ಕಂಡರೆ ಈಗ ಮೈ ಉರಿಯುತ್ತದೆ. ರತ್ನಪ್ಪನವರು ಆಸ್ಪತ್ರೆಗೆ ಬಂದು ಕಣ್ಣೀರು ಹಾಕಿದರು, ಸಭೆಯವರ ಪರವಾಗಿ ಕ್ಷಮೆ ಕೇಳಿದರು. ಅವರಿಗೆ ಕ್ಷಮೆ ಕೊಟ್ಟೆ. ಬೆಲ್ಟ್ ಬಿಚ್ಚಿದವನಿಗೆ ಇನ್ನೂ ಕೊಟ್ಟಿಲ್ಲ.

ಇವರು ಮನೆಗೆ ಬಂದ ದಿನ ಶೀಲಾ ಗಂಗಮ್ಮನವರ ಮನೆಗೆ ಹೋಗಿ ಕೂತಳು. ಅಲ್ಲೇ ಉಂಡಳು, ಅಲ್ಲೇ ಮಲಗಿದಳು. ಕರೆಯಬೇಡ, ಅವಳಿಗೆ ಬೇಕಾದಾಗ ಬರಲಿ ಎಂದು ಇವರೇ ಅಂದರು. ಆಮೇಲೆ ಬಾಗಿಲವರೆಗೆ ಬಂದು ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದಳು. ಆಮೇಲೆ ಹೊಸಿಲ ಮೇಲೆ ಕೂತು ಓದುತ್ತಿದ್ದಳು. ಅಪ್ಪನಿಗೆ ಮಾತ್ರೆಯಿಂದ ಕೈ ನಡುಗುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ಅವಳು ಎಲ್ಲವನ್ನೂ ಅಲ್ಲಿಂದಲೇ ನೋಡುತ್ತಿದ್ದಳು.

ಹೋದ ಭಾನುವಾರ ಊಟಕ್ಕೆ ಕೂತಾಗ, “ಏನೂ ಕೇಳಿಸ್ತಿಲ್ಲ ಕಣೇ,” ಎಂದು ಇವರು ಅತ್ತರು. ಮನೆಯಲ್ಲಿ ಹಿರಿಯರೊಬ್ಬರು ಸತ್ತ ಹಾಗೆ ಅತ್ತರು. ನನಗೆ ಸಂಕಟವಾಯಿತು, ನಿಜ. ಆದರೆ ಕಣ್ಣು ಮುಚ್ಚಿ ನಾನು ದೇವರಿಗೆ ಸ್ತೋತ್ರ ಹೇಳಿದೆ. ಏನು ಪ್ರಾರ್ಥನೆ ಮಾಡ್ತಿದೀಯ ಎಂದು ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಅವನು ನಿಮ್ಮ ಹತ್ರ ಇನ್ನು ಮಾತಾಡದೇ ಇರಲಿ ಅಂತ.”

ಇವರು ತಟ್ಟೆ ಸರಿಸಿ ಕೈ ಜೋಡಿಸಿದರು. ಕೊನೆಗೆ “ಆಮೆನ್” ಎಂದರು. ನೀರಿನ ಲೋಟ ಎತ್ತಲು ಹೋದರು, ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಶೀಲಾ ಹೊಸಿಲಿಂದ ಎದ್ದು ಒಳಗೆ ಬಂದಳು. ಲೋಟ ಹಿಡಿದು, ಅಪ್ಪನ ಗದ್ದಕ್ಕೆ ಕೈ ಕೊಟ್ಟು, ಕುಡಿಸಿದಳು.